ಇಆರ್ ಬಾಗಿಲಿನ ದರ: ಅಮೆರಿಕದಲ್ಲಿರುವ ಕಲಬುರಗಿ, ಬೀದರ್, ಯಾದಗಿರಿ ಮಂದಿಗೆ ತುರ್ತು ಚಿಕಿತ್ಸೆಯ ಕೋ-ಪೇ ಲೆಕ್ಕ

ಇನ್ಶೂರೆನ್ಸ್ ಕಾರ್ಡನ್ನು ಪಾಕೀಟಿನಿಂದ ಹೊರಗೆ ತೆಗೆಯಿರಿ. ಹೆಸರು, ಮೆಂಬರ್ ಐಡಿ, ಗ್ರೂಪ್ ನಂಬರು ದಾಟಿ ಕೆಳಗೆ ಬಂದರೆ ಪಿಸಿಪಿ 25, ಸ್ಪೆಷಲಿಸ್ಟ್ 50, ಯುಸಿ 60, ಇಆರ್ 300 ಎನ್ನುವಂಥ ಒಂದು ಸಾಲು ಕಾಣುತ್ತದೆ. ಪಿಸಿಪಿ ಎಂದರೆ ನಿಮ್ಮ ಕಾಯಂ ಡಾಕ್ಟರು. ಯುಸಿ ಎಂದರೆ ಅರ್ಜೆಂಟ್ ಕೇರ್, ಪ್ರಾಣಾಪಾಯವಿಲ್ಲದ ಆದರೆ ಅಂದೇ ತೋರಿಸಬೇಕಾದ ತೊಂದರೆಗಳ ಕ್ಲಿನಿಕ್ಕು. ಇಆರ್ ಎಂದರೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ರೂಮು. ಹೊಟ್ಟೆನೋವು ಒಂದೇ. ಯಾವ ಬಾಗಿಲಿನಿಂದ ಒಳಗೆ ಹೋದಿರಿ ಎಂಬುದರ ಮೇಲೆ 25 ಡಾಲರೋ, 60 ಡಾಲರೋ, 300 ಡಾಲರೋ ಎಂದು ಗೊತ್ತಾಗುತ್ತದೆ. ಹೀಗೆ ಭೇಟಿಗೆ ನೀವು ಕಟ್ಟುವ ಹಣವೇ ಕೋ-ಪೇ.

ಊರಿನಿಂದ ಹೊಸದಾಗಿ ಬಂದವರಿಗೆ ಮೊದಲು ಗೊಂದಲವಾಗುವುದು ಇಲ್ಲೇ. ನಮ್ಮ ಕಡೆ ಪಾಲಿಸಿಯಲ್ಲಿ ಕೋ-ಪೇ ಎಂದರೆ ಸಾಮಾನ್ಯವಾಗಿ ಹಿರಿಯರ ಪಾಲಿಸಿಗೆ ಬೀಳುವ ಶೇಕಡಾವಾರು ಪಾಲು. ಕಲಬುರಗಿಯ ಖಾಸಗಿ ದವಾಖಾನೆಯಲ್ಲಿ ಅಪ್ಪನನ್ನು ಸೇರಿಸಿದರೆ ಬಿಲ್ಲಿನ 10 ಅಥವಾ 20 ಪರ್ಸೆಂಟ್ ಮನೆಯವರದು, ಉಳಿದದ್ದು ಕಂಪನಿಯದು. ಹಾದಿಯಲ್ಲಿ ಬಿದ್ದು ಬಂದರೂ ಅಷ್ಟೇ, ದಿನ ಗೊತ್ತುಮಾಡಿ ಆಪರೇಷನ್ನಿಗೆ ಬಂದರೂ ಅಷ್ಟೇ. ಊರಲ್ಲಿ ಕೋ-ಪೇ ವಯಸ್ಸು ನೋಡುತ್ತದೆ, ಇಲ್ಲಿ ಬಾಗಿಲು ನೋಡುತ್ತದೆ.

ಹಣದ ಸಮಯವೂ ತಿರುವುಮುರುವು. ಬೀದರಿನಲ್ಲೋ ಯಾದಗಿರಿಯಲ್ಲೋ ಖಾಸಗಿ ದವಾಖಾನೆಗೆ ಹೋದರೆ ಮೊದಲು ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಬೇಕು. ಕೈ ಮೀರಿದರೆ ಸೊಲ್ಲಾಪುರ ಅಥವಾ ಹೈದರಾಬಾದಿಗೆ ಗಾಡಿ ಮಾಡಬೇಕು. ಅಮೆರಿಕದಲ್ಲಿ 1986ರಿಂದ ಎಂಟಾಲಾ ಎಂಬ ಕೇಂದ್ರ ಕಾನೂನಿದೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಜೊತೆ ಒಪ್ಪಂದವಿರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಯಾರೇ ಬಂದರೂ ಮೊದಲು ತಪಾಸಣೆ ಮಾಡಬೇಕು, ಪ್ರಾಣಾಪಾಯ ಇದ್ದರೆ ಸ್ಥಿತಿ ನೆಲೆಗೆ ಬರುವವರೆಗೂ ನೋಡಿಕೊಳ್ಳಬೇಕು. ಹಣ, ಇನ್ಶೂರೆನ್ಸ್, ವೀಸಾ ಯಾವುದನ್ನೂ ಕೇಳಿ ತಡ ಮಾಡುವಂತಿಲ್ಲ. ಎಲ್ಲ ಆಸ್ಪತ್ರೆಗಳೂ ಹೆಚ್ಚು ಕಡಿಮೆ ಈ ಒಪ್ಪಂದದೊಳಗೇ ಇವೆ. ಆದ್ದರಿಂದ ರಾತ್ರಿ ಎರಡು ಗಂಟೆಗೆ ಕಾರ್ಡ್ ಸಿಗಲಿಲ್ಲ ಎಂದು ಮನೆಯಲ್ಲೇ ಕೂಡಬೇಡಿ. ಹಣದ ಮಾತು ತಪ್ಪುವುದಿಲ್ಲ, ಕೆಲವು ವಾರ ಬಿಟ್ಟು ಅಂಚೆಯಲ್ಲಿ ಬರುತ್ತದೆ.

300 ಎಂದು ಬರೆದಿದ್ದರೆ 300 ಮಾತ್ರವೇ?

ಅಲ್ಲದಿರುವುದೇ ಹೆಚ್ಚು. ಕಾರ್ಡಿನ ಅಂಕಿ ಅರ್ಧ ಮಾತು. ಉಳಿದರ್ಧ ಎಸ್‌ಬಿಸಿ ಎಂಬ ಕಾಗದದಲ್ಲಿದೆ. ಪ್ರತಿ ಪ್ಲಾನಿಗೂ ಒಂದೇ ನಮೂನೆಯಲ್ಲಿ ಕಂಪನಿ ಕೊಡಲೇಬೇಕಾದ ಸಾರಾಂಶ ಅದು. ಎಚ್‌ಆರ್ ಪೋರ್ಟಲಿನಲ್ಲಿ ಸಿಗುತ್ತದೆ. ಅದರಲ್ಲಿ ತುರ್ತು ಚಿಕಿತ್ಸೆಗೆಂದೇ ಮೂರು ಸಾಲುಗಳಿವೆ: ಎಮರ್ಜೆನ್ಸಿ ರೂಮು, ಆಂಬುಲೆನ್ಸು, ಅರ್ಜೆಂಟ್ ಕೇರ್. ಆ ಸಾಲುಗಳ ಸಣ್ಣ ಅಕ್ಷರವನ್ನು ಓದಿ. "ಡಿಡಕ್ಟಿಬಲ್ ಅನ್ವಯಿಸುವುದಿಲ್ಲ" ಎಂಬ ಮಾತಿದೆಯೇ, "ಡಿಡಕ್ಟಿಬಲ್ ಆದ ಮೇಲೆ" ಎಂದಿದೆಯೇ ಎಂಬುದರಲ್ಲಿ ಸಾವಿರಾರು ಡಾಲರಿನ ವ್ಯತ್ಯಾಸವಿದೆ.

ಡಿಡಕ್ಟಿಬಲ್ ಎಂದರೆ ಕಂಪನಿ ಕೈ ಬಿಚ್ಚುವ ಮೊದಲು ವರ್ಷದಲ್ಲಿ ನೀವೇ ಕಟ್ಟಬೇಕಾದ ಮೊತ್ತ. ಕೋ-ಇನ್ಶೂರೆನ್ಸ್ ಎಂದರೆ ಅದು ಮುಗಿದ ಮೇಲೆ ಪ್ರತಿ ಬಿಲ್ಲಿನಲ್ಲಿ ನಿಮ್ಮ ಶೇಕಡಾ ಪಾಲು. ಕೋ-ಪೇ ಎಂದರೆ ಭೇಟಿಗೆ ಇಷ್ಟು ಎಂಬ ನಿಗದಿ ಹಣ. ಇವು ಮೂರೂ ಸೇರಿ ವರ್ಷಕ್ಕೆ ಒಂದು ಮಿತಿ ಮುಟ್ಟಿದರೆ ಮುಂದೆ ನೆಟ್‌ವರ್ಕಿನೊಳಗಿನ (ಕಂಪನಿಯ ಜೊತೆ ಒಪ್ಪಂದವಿರುವ ಆಸ್ಪತ್ರೆ, ಡಾಕ್ಟರರ) ಖರ್ಚೆಲ್ಲ ಕಂಪನಿಯದು. ಆ ಮಿತಿಗೆ ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಎನ್ನುತ್ತಾರೆ. ಕಾನೂನಿನ ಪ್ರಕಾರ 2026ರಲ್ಲಿ ಅದು ಒಬ್ಬರಿಗೆ 10,600, ಕುಟುಂಬಕ್ಕೆ 21,200 ಡಾಲರ್ ದಾಟುವಂತಿಲ್ಲ. 2025ರಲ್ಲಿ 9,200 ಮತ್ತು 18,400 ಇತ್ತು. ನಿಮ್ಮ ಪ್ಲಾನಿನದು ಇದಕ್ಕಿಂತ ಕಡಿಮೆಯೇ ಇರಬಹುದು. 2022ರಿಂದ ಡಿಡಕ್ಟಿಬಲ್ಲನ್ನೂ ಈ ಮಿತಿಯನ್ನೂ ಕಾರ್ಡಿನ ಮೇಲೆಯೇ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ.

ಲೆಕ್ಕಕ್ಕೆ ಒಂದು ಅಂಕಿ ಹಿಡಿಯೋಣ. ಹೊಟ್ಟೆನೋವೆಂದು ಇಆರ್‌ಗೆ ಹೋದಿರಿ. ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಒಂದು ಸಲೈನ್, ಐದು ತಾಸಿನ ಮೇಲೆ ಮನೆಗೆ. ಆಸ್ಪತ್ರೆ ಹಾಕಿದ ಬಿಲ್ 6,800. ಇನ್ಶೂರೆನ್ಸ್ ಕಂಪನಿ ಒಪ್ಪಂದದ ದರದಂತೆ ಒಪ್ಪಿದ ಮೊತ್ತ 4,000. ನಿಮ್ಮ ಲೆಕ್ಕ ಶುರುವಾಗುವುದು 4,000ದಿಂದ. 6,800 ಮರೆತುಬಿಡಿ. ತುರ್ತು ಚಿಕಿತ್ಸೆಗೆ ಡಿಡಕ್ಟಿಬಲ್ ಅನ್ವಯಿಸದ 300ರ ಪ್ಲಾನಾದರೆ ನೀವು ಕಟ್ಟುವುದು 300. "300 ಕೋ-ಪೇ, ಆಮೇಲೆ 20 ಪರ್ಸೆಂಟ್" ಎಂದಿದ್ದರೆ 300 ಕಳೆದು ಉಳಿದ 3,700ಕ್ಕೆ 740, ಒಟ್ಟು 1,040. "1,500 ಡಿಡಕ್ಟಿಬಲ್ ಆದ ಮೇಲೆ 20 ಪರ್ಸೆಂಟ್" ಎಂದಿದ್ದು ಈ ವರ್ಷ ನೀವು ಇನ್ನೂ ಏನೂ ಕಟ್ಟಿಲ್ಲದಿದ್ದರೆ 1,500ಕ್ಕೆ 500 ಕೂಡಿಸಿ 2,000. ಎಚ್‌ಎಸ್‌ಎ ಖಾತೆ (ಚಿಕಿತ್ಸೆಗೆಂದು ತೆರಿಗೆ ಇಲ್ಲದೆ ಹಣ ಕೂಡಿಡುವ ಖಾತೆ) ಜೊತೆಗಿರುವ ಹೈ ಡಿಡಕ್ಟಿಬಲ್ ಪ್ಲಾನು, ಡಿಡಕ್ಟಿಬಲ್ 3,000, ಆಮೇಲೆ 20 ಪರ್ಸೆಂಟ್ ಎಂದಾದರೆ 3,200.

ಹೈ ಡಿಡಕ್ಟಿಬಲ್ ಪ್ಲಾನಿನವರು ಇಲ್ಲಿ ಹೆಚ್ಚು ಎಡವುತ್ತಾರೆ. ತಿಂಗಳ ಪ್ರೀಮಿಯಂ ಕಡಿಮೆ, ಕೆಲಸ ಕೊಟ್ಟ ಕಂಪನಿ ಎಚ್‌ಎಸ್‌ಎಗೆ ಸ್ವಲ್ಪ ಹಣವನ್ನೂ ಹಾಕುತ್ತದೆ, ಹಾಗಾಗಿ ಗಟ್ಟಿಮುಟ್ಟಾದ ಹುಡುಗರು ಅದನ್ನೇ ಆರಿಸುತ್ತಾರೆ. ಆಫೀಸಿನ ಮೂಲಕ ಸಿಗುವ ಆ ಬಗೆಯ ಪ್ಲಾನಿನಲ್ಲಿ ಡಿಡಕ್ಟಿಬಲ್ ತುಂಬುವವರೆಗೆ ಇಆರ್‌ಗೆ ಬರೀ ಕೋ-ಪೇ ಕಟ್ಟಿ ಹೊರಬರುವ ಸೌಲಭ್ಯ ಇರುವಂತೆಯೇ ಇಲ್ಲ. ತೆರಿಗೆ ನಿಯಮವೇ ಹಾಗಿದೆ. 2026ಕ್ಕೆ ಒಬ್ಬರ ಪ್ಲಾನಿನಲ್ಲಿ ಕನಿಷ್ಠ ಡಿಡಕ್ಟಿಬಲ್ 1,700, ಕುಟುಂಬಕ್ಕೆ 3,400. ಈ ಪ್ಲಾನು ತೆಗೆದುಕೊಂಡರೆ ಡಿಡಕ್ಟಿಬಲ್ಲಿನಷ್ಟು ಹಣ ಎಚ್‌ಎಸ್‌ಎಯಲ್ಲಿ ಕೂಡುವವರೆಗೆ ಅದನ್ನು ಕನ್ನಡಕಕ್ಕೂ ಹಲ್ಲಿಗೂ ಮುಟ್ಟದಿರುವುದು ಲೇಸು.

"ಅಡ್ಮಿಟ್ ಆದರೆ ಕೋ-ಪೇ ಮಾಫಿ"

ಬಹಳ ಪ್ಲಾನುಗಳಲ್ಲಿ ಈ ಮಾತಿರುತ್ತದೆ. ಇಆರ್‌ನಿಂದ ನೇರ ವಾರ್ಡಿಗೆ ಸೇರಿಸಿಕೊಂಡರೆ ಆ 300 ಬಿಡುತ್ತಾರೆ. ನಿಜವಾದ ತುರ್ತಿಗೆ ದಂಡ ಹಾಕಬಾರದು ಎಂಬುದು ಅದರ ತರ್ಕ. ಆದರೆ ಮಾಫಿ ಎಂಬ ಶಬ್ದ ನೋಡಿ ಹಿಗ್ಗಬೇಡಿ. ಕೋ-ಪೇ ಹೋದ ಜಾಗಕ್ಕೆ ಒಳರೋಗಿಯ ದರ ಬರುತ್ತದೆ. ಮೇಲಿನ ಮೊದಲ ಪ್ಲಾನಿನಲ್ಲೇ ಒಳರೋಗಿಗೆ 1,500 ಡಿಡಕ್ಟಿಬಲ್, ಆಮೇಲೆ 20 ಪರ್ಸೆಂಟ್ ಇದೆ ಎಂದುಕೊಳ್ಳಿ. ಅಪೆಂಡಿಕ್ಸ್ ಆಪರೇಷನ್ ಆಗಿ ಒಪ್ಪಿದ ಮೊತ್ತ 22,000 ಆಯಿತು. 1,500ಕ್ಕೆ 20,500ರ ಐದನೇ ಒಂದು ಭಾಗ 4,100 ಕೂಡಿಸಿದರೆ 5,600. ನಿಮ್ಮ ವಾರ್ಷಿಕ ಮಿತಿ 5,000 ಇದ್ದರೆ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ತೊಡಕು ಅಬ್ಸರ್ವೇಷನ್. ರೋಗಿ ಇಆರ್‌ನಿಂದ ಮೇಲಿನ ಮಹಡಿಯ ಕೋಣೆಗೆ ಹೋಗಿದ್ದಾನೆ, ಕೈಗೆ ಪಟ್ಟಿ ಕಟ್ಟಿದ್ದಾರೆ, ರಾತ್ರಿ ಅಲ್ಲೇ ಮಲಗಿದ್ದಾನೆ, ಬೆಳಗಿನ ನಾಷ್ಟಾ ಕೂಡ ಕೊಟ್ಟಿದ್ದಾರೆ. ಮನೆಯವರ ಕಣ್ಣಿಗೆ ಅದು ಅಡ್ಮಿಟ್. ಆಸ್ಪತ್ರೆಯ ದಾಖಲೆಯಲ್ಲಿ ಡಾಕ್ಟರು "ಒಳರೋಗಿ" ಎಂದು ಆರ್ಡರ್ ಬರೆಯದಿದ್ದರೆ ಅವನು ಹೊರರೋಗಿಯೇ, ನಿಗಾದಲ್ಲಿ ಇಟ್ಟವನು. ಇದನ್ನು ಕೋ-ಪೇ ಮಾಫಿಗೆ ಎಣಿಸದ ಪ್ಲಾನುಗಳು ಇವೆ. ಎದೆನೋವಿಗೆ ಬಂದು ಒಂದು ರಾತ್ರಿ ಉಳಿದವರಲ್ಲಿ ಈ ತಕರಾರು ಪದೇ ಪದೇ ಏಳುತ್ತದೆ. ನರ್ಸನ್ನೋ ಕೇಸ್ ಮ್ಯಾನೇಜರನ್ನೋ ಅಂದೇ ಕೇಳಿ: "ಇನ್‌ಪೇಷಂಟ್ ಎಂದು ಬರೆದಿದ್ದೀರೋ, ಅಬ್ಸರ್ವೇಷನ್ ಎಂದು ಬರೆದಿದ್ದೀರೋ?" ಉತ್ತರ ಕೊಟ್ಟವರ ಹೆಸರು, ಹೊತ್ತು ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಆದ ಮೇಲೆ ಇದನ್ನು ಬದಲಾಯಿಸುವುದು ಕಷ್ಟ.

ಗ್ರೀನ್ ಕಾರ್ಡ್ ಪಡೆದು, ಐದು ವರ್ಷ ನೆಲೆಸಿ, 65 ದಾಟಿ ಮೆಡಿಕೇರ್ ಕೊಂಡ ತಂದೆತಾಯಿಗೆ ಬೇರೆ ನಿಯಮ. ಇಆರ್‌ಗೆ ಹೋದ ಮೂರು ದಿನದೊಳಗೆ ಅದೇ ತೊಂದರೆಗೆ ಅದೇ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದರೆ ಇಆರ್ ಕೋ-ಪೇ ಬೀಳುವುದಿಲ್ಲ.

ದರ ಬೇರೆ ಬೇರೆ ಇರಬೇಕೇ?

ವಾದ ಹಳೆಯದು. ಬಾಗಿಲ ದರ ಏರಿಸಿದರೆ ನೆಗಡಿಗೂ ಇಆರ್‌ಗೆ ಓಡುವುದು ನಿಲ್ಲುತ್ತದೆ ಎಂಬುದು ಕಂಪನಿಗಳ ಮಾತು. ಅದರಲ್ಲಿ ಸತ್ಯವಿದೆ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ವಿಮೆ ಸಂಸ್ಥೆಯ ಸದಸ್ಯರನ್ನು ನೋಡಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋ-ಪೇ ಇಲ್ಲದವರಿಗೆ ಹೋಲಿಸಿದರೆ 20ರಿಂದ 35 ಡಾಲರ್ ಕೋ-ಪೇ ಇದ್ದವರ ಇಆರ್ ಭೇಟಿ 12 ಪರ್ಸೆಂಟ್, 50ರಿಂದ 100 ಇದ್ದವರದು 23 ಪರ್ಸೆಂಟ್ ಕಡಿಮೆ ಇತ್ತು. ಸಾವಾಗಲಿ ಆಸ್ಪತ್ರೆ ಸೇರ್ಪಡೆಯಾಗಲಿ ಹೆಚ್ಚಲಿಲ್ಲ. ಸರಿ. ಆದರೆ ಅಲ್ಲಿ ಮೇಲಿನ ಅಂಚು 100 ಡಾಲರ್. ಇಂದಿನ 300, 500ಕ್ಕೂ ಮೂರು ಸಾವಿರದ ಡಿಡಕ್ಟಿಬಲ್ಲಿಗೂ ಆ ಫಲಿತಾಂಶವನ್ನು ಎಳೆದು ಹೊದಿಸಲು ಬರುವುದಿಲ್ಲ. ಅದಕ್ಕೂ ಮುಂಚೆ, 1974ರಿಂದ 1982ರವರೆಗೆ ನಡೆದ ರ‍್ಯಾಂಡ್ ಸಂಸ್ಥೆಯ ಆರೋಗ್ಯ ವಿಮೆ ಪ್ರಯೋಗ ಇನ್ನೊಂದು ಸಂಗತಿ ತೋರಿಸಿತ್ತು: ಕೈಯಿಂದ ಕಟ್ಟಬೇಕಾದಾಗ ಜನ ಬೇಡದ ಚಿಕಿತ್ಸೆಯನ್ನೂ ಬಿಡುತ್ತಾರೆ, ಬೇಕಾದದ್ದನ್ನೂ ಸರಿಸುಮಾರು ಅಷ್ಟೇ ಬಿಡುತ್ತಾರೆ. ಕಾಳು ಜೊಳ್ಳು ಬೇರೆ ಮಾಡುವ ಮೊರ ರೋಗಿಯ ಕೈಯಲ್ಲಿ ಇರುವುದಿಲ್ಲ.

ಇನ್ನು ಕೆಲವರು ಹೇಳುವುದು: ತಪಾಸಣೆ ಆದ ಮೇಲೆ ತುರ್ತಲ್ಲ ಎಂದು ತಿಳಿದರೆ ಹೆಚ್ಚು ಕೋ-ಪೇ ಹಾಕಿ, ತುರ್ತಾಗಿದ್ದರೆ ಕಡಿಮೆ ಹಾಕಿ. ಕೇಳಲು ನ್ಯಾಯವಾಗಿದೆ. ಅಂಕಿ ನೋಡಿದರೆ ಅಲ್ಲ. 2013ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಮನೆಗೆ ಕಳಿಸುವಾಗ ಬರೆದ ಕಾಯಿಲೆಯ ಹೆಸರಿನ ಪ್ರಕಾರ ಸಾಮಾನ್ಯ ಡಾಕ್ಟರೇ ನೋಡಬಹುದಿದ್ದ ಭೇಟಿಗಳು 6.3 ಪರ್ಸೆಂಟ್. ಆ ಜನ ಒಳಗೆ ಬರುವಾಗ ಏನೇನು ತೊಂದರೆ ಹೇಳಿದ್ದರೋ ಅವೇ ತೊಂದರೆಗಳನ್ನು ಹೇಳಿಕೊಂಡು ಬಂದವರು ಒಟ್ಟು ಭೇಟಿಗಳಲ್ಲಿ 88.7 ಪರ್ಸೆಂಟ್. ಬಾಗಿಲಲ್ಲಿ ನಿಂತವನಿಗೆ ತನ್ನದು ಆಮ್ಲಪಿತ್ತವೋ ಹೃದಯಾಘಾತವೋ ತಿಳಿಯದು. ಇಸಿಜಿ ಇಲ್ಲದೆ ಡಾಕ್ಟರಿಗೂ ತಿಳಿಯದು. ಕೊನೆಯ ಉತ್ತರ ನೋಡಿ ಮೊದಲಿನ ಹೆಜ್ಜೆಗೆ ದರ ಕಟ್ಟುವುದು ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಬಾಗಿಲಿಗೊಂದು ದರ ಇರಲಿ, ಆದರೆ ಅದು ಮುಂಚೆಯೇ ಗೊತ್ತಿರುವ, ಕಿಸೆಯಿಂದ ಕೊಡಬಲ್ಲ ನಿಗದಿ ಮೊತ್ತವಾಗಿರಬೇಕು. 300 ಡಾಲರ್ ಎಂದರೆ ಮನುಷ್ಯ ಲೆಕ್ಕ ಹಾಕಿ ಹೊರಡುತ್ತಾನೆ. "ಬಿಲ್ಲಿನ 20 ಪರ್ಸೆಂಟ್" ಎಂದರೆ ಯಾವ ಬಿಲ್ಲಿನದು ಎಂದೇ ಗೊತ್ತಿಲ್ಲ, ಅಂಜಿ ಮನೆಯಲ್ಲೇ ಕೂಡುತ್ತಾನೆ.

ಐರ್ಲೆಂಡಿನ ಪದ್ಧತಿ ಇದಕ್ಕಿಂತ ಹಸನು. ಸಾರ್ವಜನಿಕ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋದರೆ 100 ಯೂರೋ. ಮೊದಲು ನಿಮ್ಮ ಜಿಪಿ ಡಾಕ್ಟರಿಗೆ ತೋರಿಸಿ ಅವರ ಚೀಟಿ ತಂದರೆ ಆ ಶುಲ್ಕವಿಲ್ಲ. ಅಲ್ಲಿ ದರ ಬದಲಾಗುವುದು ಕಾಯಿಲೆಯ ಹೆಸರಿನಿಂದ ಅಲ್ಲ, ನೀವು ಮೊದಲು ಕೇಳಿ ಬಂದಿರೋ ಇಲ್ಲವೋ ಎಂಬುದರಿಂದ. ಅಮೆರಿಕದಲ್ಲಿ ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೇಯ್ಡ್‌ನಲ್ಲೂ ಇಂಥದ್ದೊಂದು ಕಟ್ಟಳೆ ಇದೆ. ಕಡಿಮೆ ಆದಾಯದವರಿಂದ ತುರ್ತಲ್ಲದ ಇಆರ್ ಭೇಟಿಗೆ 8 ಡಾಲರಿನವರೆಗೆ ಮಾತ್ರ ಪಡೆಯಬಹುದು. ಅದೂ ತಪಾಸಣೆ ಮಾಡಿ, ಶುಲ್ಕ ಇಷ್ಟು ಎಂದು ಮೊದಲೇ ಹೇಳಿ, ಬೇರೆ ಎಲ್ಲಿ ತೋರಿಸಬಹುದು ಎಂದು ದಾರಿ ತೋರಿಸಿದ ಮೇಲೆ.

ಕಾನೂನು ಸದ್ಯ ರೋಗಿಯ ಕಡೆಗಿದೆ. ವೈದ್ಯಶಾಸ್ತ್ರ ಓದದ, ಸಾಮಾನ್ಯ ತಿಳಿವಳಿಕೆಯ ಮನುಷ್ಯನೊಬ್ಬ ಆ ಲಕ್ಷಣ ನೋಡಿ ಪ್ರಾಣಕ್ಕೋ ಅಂಗಕ್ಕೋ ಅಪಾಯ ಎಂದು ನಂಬುವಂತಿದ್ದರೆ ಅದು ತುರ್ತು. ಪ್ರೂಡೆಂಟ್ ಲೇಪರ್ಸನ್ ಎಂಬ ಈ ಅಳತೆಗೋಲು 1997ರಲ್ಲಿ ಸರ್ಕಾರಿ ಯೋಜನೆಗಳಿಗೆ, 2010ರ ಅಫೋರ್ಡಬಲ್ ಕೇರ್ ಕಾಯ್ದೆಯಿಂದ ಖಾಸಗಿ ಪ್ಲಾನುಗಳಿಗೂ ಬಂತು. ಮುಂಗಡ ಅನುಮತಿ ಬೇಕಿಲ್ಲ, ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದರೂ ಒಳಗಿನ ಕೋ-ಪೇ ದರವೇ. 2022ರ ಜನವರಿ 1ರಿಂದ ಜಾರಿಯಾದ ನೋ ಸರ್ಪ್ರೈಸಸ್ ಕಾಯ್ದೆಯ ಪ್ರಕಾರ ಆ ಆಸ್ಪತ್ರೆಯೂ ಅಲ್ಲಿನ ಡಾಕ್ಟರೂ ಕಂಪನಿ ಕೊಡದೆ ಉಳಿಸಿದ ಹಣಕ್ಕೆ ನಿಮ್ಮ ಬೆನ್ನು ಹತ್ತುವಂತಿಲ್ಲ.

"ಗ್ಯಾಸ್ ಆಗ್ಯಾದ" ಎನ್ನಬೇಡಿ

ಲಕ್ಷಣವೇ ಅಳತೆಗೋಲು ಎಂದ ಮೇಲೆ ಯಾರದು ಎಷ್ಟು ತುರ್ತು ಎಂದು ಬಾಗಿಲಲ್ಲೇ ಅಳೆಯುವ ಟ್ರಯಾಜ್ ನರ್ಸಿನ ಮುಂದೆ ಆಡುವ ಮೊದಲ ಮಾತಿಗೆ ಬೆಲೆಯಿದೆ. ಅವರು ಅದನ್ನೇ "ಮುಖ್ಯ ದೂರು" ಎಂದು ಟೈಪ್ ಮಾಡುತ್ತಾರೆ. ನಾಳೆ ಕ್ಲೇಮು ತಿರಸ್ಕಾರವಾದರೆ ತೋರಿಸಲು ಉಳಿಯುವುದು ಆ ಸಾಲೇ. ನಮ್ಮ ಕಡೆಯ ಹಿರಿಯರು ಎದೆ ಹಿಡಿದುಕೊಂಡರೂ "ಏನಿಲ್ಲ, ಗ್ಯಾಸ್ ಆಗ್ಯಾದ, ಸೋಡಾ ಕುಡದ್ರ ಹೋಗ್ತದ" ಎನ್ನುತ್ತಾರೆ. ಮಗ ಅದನ್ನೇ ಇಂಗ್ಲಿಷಿಗೆ ತಿರುಗಿಸಿ "ಗ್ಯಾಸ್" ಎಂದುಬಿಡುತ್ತಾನೆ. ಅಲ್ಲಿಗೆ ಎದೆನೋವು ಕಾಗದದಿಂದ ಮಾಯ, ಸರದಿಯಲ್ಲೂ ಹಿಂದೆ. ಹೇಳಬೇಕಾದದ್ದು ಕಾಯಿಲೆಯ ಹೆಸರಲ್ಲ, ಆಗುತ್ತಿರುವುದು: ಎದೆಯ ನಡುವೆ ಭಾರ, ಎರಡು ತಾಸಿನಿಂದ, ಎಡಗೈಗೆ ಇಳಿಯುತ್ತಿದೆ, ಬೆವರು ಬಂದಿದೆ, ಶುಗರ್ ಇದೆ, ಬಿಪಿ ಗುಳಿಗೆ ನಡೆದಿದೆ.

"ಚಕ್ಕರ್ ಬರ್ಲಕತ್ತದ" ಎಂದರೆ ಎರಡು ಅರ್ಥ. ಕೋಣೆ ಗಿರಗಿರ ತಿರುಗುವುದು ಒಂದು, ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು ಇನ್ನೊಂದು. ಡಾಕ್ಟರಿಗೆ ಇವೆರಡೂ ಬೇರೆ ಬೇರೆ ದಾರಿ. ಯಾವುದೆಂದು ಅವ್ವನನ್ನು ಕೇಳಿ ಹೇಳಿ. "ಜೀವ ತಳಮಳ" ಎಂದರೆ ಎದೆ ಹೊಡೆದುಕೊಳ್ಳುತ್ತಿದೆಯೋ, ಉಸಿರು ಸಾಲುತ್ತಿಲ್ಲವೋ, ವಾಂತಿ ಬಂದಂತಾಗುತ್ತಿದೆಯೋ ಬಿಡಿಸಿ ಕೇಳಿ. ಕೈ "ಝುಮ್" ಎನ್ನುತ್ತಿದ್ದರೆ ಒಂದೇ ಬದಿಯೋ ಎರಡೂ ಬದಿಯೋ, ಎಷ್ಟು ಗಂಟೆಗೆ ಶುರುವಾಯಿತು ಎಂಬುದು ಮುಖ್ಯ. ಲಕ್ವದ ಔಷಧಕ್ಕೆ ಗಂಟೆಗಳ ಗಡುವಿದೆ.

ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಬಿಟ್ಟಿ ಒದಗಿಸಬೇಕು, ಫೋನಿನಲ್ಲೋ ವಿಡಿಯೋದಲ್ಲೋ. ಕನ್ನಡ ಬೇಕೆಂದು ಕೇಳಿ. ಕನ್ನಡದವರು ಸಿಗಲು ತಡವಾದರೆ ಬೀದರ್, ಕಲಬುರಗಿಯ ಬಹಳ ಹಿರಿಯರಿಗೆ ಹಿಂದಿ ಇಲ್ಲವೇ ಉರ್ದು ನಡೆಯುತ್ತದೆ, ಯಾದಗಿರಿ, ಸೇಡಂ ಕಡೆಯ ಎಷ್ಟೋ ಮಂದಿಗೆ ತೆಲುಗು ಬರುತ್ತದೆ.

ಯಾವ ಬಾಗಿಲು?

ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟ, ತಲೆಗೆ ಪೆಟ್ಟು, ನಿಲ್ಲದ ರಕ್ತ, ಫಿಟ್ಸ್, ಗರ್ಭಿಣಿಗೆ ರಕ್ತಸ್ರಾವ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ: ಇವಕ್ಕೆ ಕೋ-ಪೇ ನೋಡಬೇಡಿ, 911ಕ್ಕೆ ಕರೆ ಮಾಡಿ. ಕಾಲು ಉಳುಕು, ಗಂಟಲು ನೋವು, ಉರಿಮೂತ್ರ, ಸಣ್ಣ ಹೊಲಿಗೆ ಬೇಕಾದ ಗಾಯ: ಅರ್ಜೆಂಟ್ ಕೇರ್. ಆದರೆ ಹೊರಡುವ ಮುಂಚೆ ಅದು ನಿಮ್ಮ ನೆಟ್‌ವರ್ಕಿನಲ್ಲಿದೆಯೇ ನೋಡಿ, ಏಕೆಂದರೆ ನೋ ಸರ್ಪ್ರೈಸಸ್ ಕಾಯ್ದೆಯ ರಕ್ಷಣೆ ಸಾಮಾನ್ಯವಾಗಿ ಅರ್ಜೆಂಟ್ ಕೇರಿಗೆ ಇಲ್ಲ. ನಡುವಿನ ಸಂಶಯಕ್ಕೆ ಕಾರ್ಡಿನ ಹಿಂಬದಿಯ ನರ್ಸ್ ಲೈನ್ ಇದೆ. ಬಹುತೇಕ ಪ್ಲಾನುಗಳಲ್ಲಿ ಬಿಟ್ಟಿ, ಇಪ್ಪತ್ನಾಲ್ಕು ತಾಸು. ಅವರು "ಇಆರ್‌ಗೆ ಹೋಗಿ" ಎಂದರೆ ಕರೆಯ ಹೊತ್ತು ಬರೆದಿಡಿ, ಮೇಲ್ಮನವಿಗೆ ಒಳ್ಳೆಯ ಸಾಕ್ಷಿ ಅದು. ಮಗು ಏನನ್ನೋ ನುಂಗಿದರೆ, ಎಚ್ಚರವಿದ್ದು ಉಸಿರಾಡುತ್ತಿದ್ದರೆ, ಮೊದಲು ವಿಷ ನಿಯಂತ್ರಣ ಕೇಂದ್ರದ 1-800-222-1222. ಮನೆಯಲ್ಲೇ ನೋಡಿಕೊಳ್ಳಬಹುದೋ ಹೊರಡಬೇಕೋ ಅವರೇ ಹೇಳುತ್ತಾರೆ.

ಟೆಕ್ಸಾಸಿನಲ್ಲಿರುವವರು ಬೋರ್ಡು ಎರಡು ಸಲ ಓದಿ. ಅಂಗಡಿ ಸಾಲಿನ ನಡುವೆ, ಅರ್ಜೆಂಟ್ ಕೇರಿನಂತೆಯೇ ಕಾಣುವ ಬಿಡಿ ಎಮರ್ಜೆನ್ಸಿ ಕೇಂದ್ರಗಳಿವೆ. ಕಾಯುವ ಹೊತ್ತು ಕಮ್ಮಿ, ಕಾಫಿಯೂ ಸಿಗುತ್ತದೆ. ಬಿಲ್ ಮಾತ್ರ ಪೂರ್ತಿ ಇಆರ್‌ನದು. "ಎಮರ್ಜೆನ್ಸಿ" ಎಂಬ ಶಬ್ದ ಬೋರ್ಡಿನಲ್ಲಿದ್ದರೆ ಅದು ಇಆರ್.

ಹೊಲಿಗೆ ಬಿಚ್ಚಲು ಅದೇ ಇಆರ್‌ಗೆ ಮರಳಿ ಹೋಗಬೇಡಿ. ತುರ್ತು ಮುಗಿದ ಮೇಲಿನ ಭೇಟಿಗೆ ತುರ್ತಿನ ರಕ್ಷಣೆ ಇಲ್ಲ, ಹೊಸ ಕೋ-ಪೇ ಬೀಳುತ್ತದೆ. ಕಾಯಂ ಡಾಕ್ಟರ ಬಳಿ 25ರಲ್ಲಿ ಮುಗಿಯುತ್ತದೆ.

ಊರಿನ 108 ಬಿಟ್ಟಿ ಬರುತ್ತದೆ. ಇಲ್ಲಿನ 911 ಕರೆ ಬಿಟ್ಟಿ, ಗಾಡಿ ಅಲ್ಲ. ಹೆಲಿಕಾಪ್ಟರ್ ಆಂಬುಲೆನ್ಸು ನೋ ಸರ್ಪ್ರೈಸಸ್ ಕಾಯ್ದೆಯೊಳಗೆ ಬರುತ್ತದೆ, ರಸ್ತೆಯ ಆಂಬುಲೆನ್ಸು ಬರುವುದಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿವೆ. ಆದರೆ ದೊಡ್ಡ ಕಂಪನಿಗಳು ತಮ್ಮ ಹಣದಿಂದಲೇ ನಡೆಸುವ ಸೆಲ್ಫ್ ಫಂಡೆಡ್ ಪ್ಲಾನುಗಳನ್ನು ರಾಜ್ಯದ ಕಾನೂನು ಮುಟ್ಟುವುದಿಲ್ಲ. ನಿಮ್ಮದು ಯಾವುದು ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿಡಿ, ಮುಂದೆ ದೂರು ಎಲ್ಲಿ ಕೊಡಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ: ಸೆಲ್ಫ್ ಫಂಡೆಡ್ ಆದರೆ ಕೇಂದ್ರ ಕಾರ್ಮಿಕ ಇಲಾಖೆ, ಇಲ್ಲವಾದರೆ ರಾಜ್ಯದ ಇನ್ಶೂರೆನ್ಸ್ ಇಲಾಖೆ.

ಬಿಲ್ ಬಂದ ಮೇಲೆ

ಒಂದು ಭೇಟಿಗೆ ಮೂರು ನಾಲ್ಕು ಬಿಲ್ ಬರುತ್ತವೆ. ಆಸ್ಪತ್ರೆಯದೊಂದು, ಇಆರ್ ಡಾಕ್ಟರರ ಗುಂಪಿನದೊಂದು, ಸ್ಕ್ಯಾನ್ ಓದಿದವರದೊಂದು, ಆಂಬುಲೆನ್ಸಿನದೊಂದು. ಮೋಸವಲ್ಲ, ಪದ್ಧತಿಯೇ ಹಾಗೆ. ಯಾವುದನ್ನೂ ಬಂದ ಕೂಡಲೇ ಕಟ್ಟಬೇಡಿ. ಇನ್ಶೂರೆನ್ಸ್ ಕಂಪನಿಯಿಂದ ಇಒಬಿ, ಅಂದರೆ ಯಾರ ಪಾಲು ಎಷ್ಟು ಎಂಬ ವಿವರಪತ್ರ, ಬರಲಿ. ಮೇಲೆ "ಇದು ಬಿಲ್ ಅಲ್ಲ" ಎಂದು ಬರೆದಿರುತ್ತದೆ. ಚಿಕಿತ್ಸೆಯ ದಿನಾಂಕ, ಆಸ್ಪತ್ರೆಯ ಹೆಸರು, ಒಪ್ಪಿದ ಮೊತ್ತ, ಕೊನೆಗೆ "ರೋಗಿಯ ಪಾಲು". ಬಿಲ್ಲಿನ ಅಂಕಿಯೂ ಈ ಕೊನೆಯ ಅಂಕಿಯೂ ಒಂದೇ ಇದ್ದರೆ ಕಟ್ಟಿ. ಕೌಂಟರಿನಲ್ಲಿ ಅಂದೇ 300 ಕೊಟ್ಟಿದ್ದರೆ ಅದು ಕಳೆದಿದೆಯೇ ನೋಡಿ, ಕಳೆಯದೆ ಬರುವುದು ಅಪರೂಪವಲ್ಲ.

ಕ್ಲೇಮು ನಿಂತುಹೋಗಲು ಬಹಳ ಸಲ ಕಾರಣ ತೆರೆಯದ ಲಕೋಟೆ. ಕೈ ಮುರಿದು ಹೋದರೆ ಕಂಪನಿ "ಇದು ಅಪಘಾತವೇ? ಎಲ್ಲಿ ಆಯಿತು?" ಎಂಬ ಫಾರಂ ಕಳಿಸುತ್ತದೆ. ಕಾರಿನಲ್ಲಾದರೆ ವಾಹನ ವಿಮೆ, ಕೆಲಸದಲ್ಲಾದರೆ ಮಾಲೀಕರ ವಿಮೆ ಮೊದಲು ಕೊಡಬೇಕಾಗಬಹುದು, ಅದಕ್ಕೆ ಈ ವಿಚಾರಣೆ. ಉತ್ತರಿಸದಿದ್ದರೆ ಪೂರ್ತಿ ಬಿಲ್ ನಿಮ್ಮ ಹೆಸರಿಗೆ ತಿರುಗುತ್ತದೆ. "ಬೇರೆ ಇನ್ಶೂರೆನ್ಸ್ ಇದೆಯೇ?" ಎಂಬ ಕಾಗದವೂ ಹಾಗೆಯೇ. ಗಂಡ ಹೆಂಡತಿ ಇಬ್ಬರಿಗೂ ಕೆಲಸವಿದ್ದರೆ ಖಂಡಿತ ಬರುತ್ತದೆ.

"ತುರ್ತಲ್ಲ" ಎಂದು ತಿರಸ್ಕರಿಸಿದರೆ ಪತ್ರ ಕೈಸೇರಿದ 180 ದಿನದೊಳಗೆ ಕಂಪನಿಗೇ ಮೇಲ್ಮನವಿ. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಿಂದ ಟ್ರಯಾಜ್ ಟಿಪ್ಪಣಿ ತರಿಸಿ, ನೀವು ಹೇಳಿದ ಲಕ್ಷಣ ಬರೆದ ಸಾಲಿಗೆ ಗೆರೆ ಎಳೆದು ಲಗತ್ತಿಸಿ. ಪತ್ರದಲ್ಲಿ ಪ್ರೂಡೆಂಟ್ ಲೇಪರ್ಸನ್ ಎಂಬ ಎರಡು ಶಬ್ದ ಇರಲೇಬೇಕು. ಅಲ್ಲೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ನೆಟ್‌ವರ್ಕ್ ಹೊರಗಿನದೆಂದು ಹೆಚ್ಚುವರಿ ಬಿಲ್ ಬಂದರೆ ಸರ್ಕಾರದ ನೋ ಸರ್ಪ್ರೈಸಸ್ ಸಹಾಯವಾಣಿ 1-800-985-3059.

ಕಟ್ಟಲಾಗದ ಮೊತ್ತವಾದರೆ ಸುಮ್ಮನೆ ಕೂಡಬೇಡಿ. ಲಾಭರಹಿತ ಆಸ್ಪತ್ರೆಗಳು ಆದಾಯ ನೋಡಿ ರಿಯಾಯಿತಿ ಕೊಡುವ ಲಿಖಿತ ನೀತಿ ಇಟ್ಟಿರಲೇಬೇಕು. ಮೊದಲ ಬಿಲ್ಲಿನಿಂದ 240 ದಿನದವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಎಂಎಸ್ ಓದುವ ಹುಡುಗ ಹುಡುಗಿಯರು ಇದನ್ನು ಕೇಳುವುದೇ ಇಲ್ಲ, ಸಂಕೋಚ. ಕೆಲಸ ಹೋದವರಿಗೆ ಇನ್ನೊಂದು ದಾರಿ: ಹಳೆಯ ಆಫೀಸಿನ ವಿಮೆಯನ್ನೇ ನೀವೇ ಪ್ರೀಮಿಯಂ ಕಟ್ಟಿ ಮುಂದುವರಿಸುವ ಕೋಬ್ರಾ ಆರಿಸಲು 60 ದಿನವಿದೆ, ಆರಿಸಿದರೆ ವಿಮೆ ಹಿಂದಿನ ದಿನಾಂಕದಿಂದಲೇ ಲಾಗೂ. ನಡುವೆ ಇಆರ್‌ಗೆ ಹೋಗಬೇಕಾಗಿ ಬಂದರೆ ಆಮೇಲೆ ಆರಿಸಿ ಪ್ರೀಮಿಯಂ ಕಟ್ಟಿದರೂ ನಡೆಯುತ್ತದೆ.

ಅಪ್ಪ ಅವ್ವ ಬರುವಾಗ

ವಿಸಿಟರ್ ವೀಸಾದಲ್ಲಿ ಬರುವ ತಂದೆತಾಯಿಯನ್ನು ನಿಮ್ಮ ಆಫೀಸಿನ ಪ್ಲಾನಿಗೆ ಸೇರಿಸಲು ಬರುವುದಿಲ್ಲ. ಅವರಿಗೆ ಕೊಳ್ಳುವ ವಿಸಿಟರ್ ಇನ್ಶೂರೆನ್ಸಿಗೆ ಮೇಲೆ ಹೇಳಿದ ಯಾವ ಕಾಯ್ದೆಯ ನೆರಳೂ ಇಲ್ಲ, ಎಂಟಾಲಾ ಒಂದನ್ನು ಬಿಟ್ಟು. ಅದರಲ್ಲಿ ಎರಡು ಜಾತಿ. ಫಿಕ್ಸೆಡ್ ಬೆನಿಫಿಟ್ ಎಂಬುದು ಅಗ್ಗ, ಇಆರ್ ಭೇಟಿಗೆ ಇಷ್ಟೇ ಎಂದು ಚಿಕ್ಕ ಮೊತ್ತ ಕೊಟ್ಟು ಕೈ ತೊಳೆಯುತ್ತದೆ. 4,000ದ ಬಿಲ್ಲಿಗೆ ಅದು ಉಪ್ಪಿನಕಾಯಿ. ಕಾಂಪ್ರಿಹೆನ್ಸಿವ್ ಕೊಳ್ಳಿ. ಅದರಲ್ಲೂ ಕಾಯಿಲೆಗೆಂದು ಇಆರ್‌ಗೆ ಹೋಗಿ ಅಡ್ಮಿಟ್ ಆಗದೆ ಮರಳಿದರೆ ಹೆಚ್ಚುವರಿ ಡಿಡಕ್ಟಿಬಲ್ ಹಾಕುವ ಷರತ್ತು ಬಹಳ ಪಾಲಿಸಿಗಳಲ್ಲಿದೆ, ಕೊಳ್ಳುವಾಗಲೇ ಓದಿ.

ಹಳೆಯ ಶುಗರ್, ಬಿಪಿ, ಸ್ಟೆಂಟ್ ಇದ್ದವರಿಗೆ "ಅಕ್ಯೂಟ್ ಆನ್‌ಸೆಟ್" ಎಂಬ ಕಲಂ ಜೀವಾಳ. ಹಳೆಯ ಕಾಯಿಲೆ ಮುನ್ಸೂಚನೆ ಇಲ್ಲದೆ ಒಮ್ಮೆಲೇ ಕೆರಳಿದರೆ ಮಾತ್ರ, ಅದೂ ಸಾಮಾನ್ಯವಾಗಿ 24 ತಾಸಿನೊಳಗೆ ಚಿಕಿತ್ಸೆಗೆ ಹೋದರೆ ಮಾತ್ರ ಹಣ. "ಮುಂಜಾನೆ ನೋಡೋಣ ಬಿಡು" ಎಂದು ಅಪ್ಪ ಎರಡು ದಿನ ತಳ್ಳಿದರೆ ಕಲಂ ಜಾರಿತು. 70, 80 ದಾಟಿದವರಿಗೆ ಒಟ್ಟು ಮಿತಿ ಇಳಿಯುತ್ತದೆ, ಕೆಲವು ಪಾಲಿಸಿಗಳಲ್ಲಿ ಈ ಕಲಮೇ ಇರುವುದಿಲ್ಲ.

ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಗಾಡಿ ಹತ್ತುವ ಮುನ್ನ ಊರಿನ ಡಾಕ್ಟರಿಂದ ಲೆಟರ್‌ಹೆಡ್ಡಿನಲ್ಲಿ ಒಂದು ಪುಟ ಬರೆಸಿಕೊಳ್ಳಲು ಹೇಳಿ: ಕಾಯಿಲೆಗಳು, ಎಂದಿನಿಂದ, ಗುಳಿಗೆಗಳ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು, ಪ್ರಮಾಣ, ಹಿಂದಿನ ಇಸಿಜಿ. ಭಾರತದ ಬ್ರ್ಯಾಂಡುಗಳು ಇಲ್ಲಿನ ಡಾಕ್ಟರಿಗೆ ಗುರುತು ಸಿಗುವುದಿಲ್ಲ. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ತುಂಬಬಾರದು, ಮೂಲ ಪ್ಯಾಕಿನಲ್ಲೇ ಬರಲಿ. ಆ ಪುಟದ ಹಿಂಬದಿಗೆ ಪಾಲಿಸಿ ನಂಬರು, ಕಂಪನಿಯ ಇಪ್ಪತ್ನಾಲ್ಕು ತಾಸಿನ ಫೋನು, ಹತ್ತಿರದ ಅರ್ಜೆಂಟ್ ಕೇರ್ ಮತ್ತು ಆಸ್ಪತ್ರೆಯ ವಿಳಾಸ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. 911 ಎಂಬ ಮೂರು ಅಂಕಿಯನ್ನು ಅವ್ವನ ಕೈಯಿಂದಲೇ ದಪ್ಪಗೆ ಬರೆಸಿ, ಅದರ ಕೆಳಗೆ ಮನೆಯ ವಿಳಾಸವನ್ನು ಕನ್ನಡದಲ್ಲಿ, ಫೋನಿನಲ್ಲಿ ಓದಿ ಹೇಳಲು ಬರುವ ಹಾಗೆ.